ಸೊನ್ನಲಿಗೆಯ ನಕಾಶೆ

ಅಕ್ಕಲಕೋಟದ ಕಡೆ ಯಾವ ಶಾಲೆಗೇ ಹೋಗಿ, "ಸೊಲ್ಲಾಪುರಕ್ಕ ಆ ಹೆಸರು ಯಾಕ ಬಂತು?" ಅಂತ ಕೇಳಿರಿ. "ಸೋಳಾ ಅಂದ್ರ ಹದಿನಾರು. ಹದಿನಾರು ಊರು ಕೂಡಿ ಸೋಲಾಪುರ ಆತ್ರೀ ಸರ" ಅಂತ ಮಕ್ಕಳು ಥಟ್ಟನೆ ಹೇಳತಾವ. ಹಿರಿಯರೂ ಅದನ್ನೇ ಹೇಳುತ್ತ ಬಂದಿದ್ದಾರೆ.

ಆದರೆ ಜಿಲ್ಲೆಯ ಗ್ಯಾಝೆಟಿಯರ್ ತೆಗೆದು ನೋಡಿದರೆ ಮಾತು ಬೇರೆ ಆಗುತ್ತದೆ. ಅದರಲ್ಲಿ ಆ ಹದಿನಾರು ಊರುಗಳ ಪಟ್ಟಿಯೇ ಇದೆ: ಆದಿಲಪುರ, ಅಹಮದಪುರ, ಚಪಲದೇವ, ಫತೇಪುರ ಹೀಗೆ. ಆ ಹದಿನಾರರೊಳಗೆ ಸೋಲಾಪುರ ಒಂದು, ಸೊನ್ನಲಗಿ ಒಂದು, ಸಂದಲಪುರ ಮತ್ತೊಂದು! ಹದಿನಾರು ಕೂಡಿ ಸೋಲಾಪುರ ಆಗಿದ್ದರೆ, ಆ ಹದಿನಾರರಲ್ಲಿ ಸೋಲಾಪುರ ಮೊದಲೇ ಹೇಗೆ ಬಂತು?

ಇದಕ್ಕೆ ಉತ್ತರವೂ ಅದೇ ಪುಟಗಳಲ್ಲಿದೆ. ಶಿವಯೋಗಿ ಸಿದ್ಧರಾಮರ ಕಾಲದ ಶಾಸನಗಳಲ್ಲಿ ಊರ ಹೆಸರು ಸೊನ್ನಲಿಗೆ. ಮೋಹೋಳ ತಾಲೂಕಿನ ಕಾಮತಿಯಲ್ಲಿ ಸಿಕ್ಕ ಶಕ 1238ರ ಸಂಸ್ಕೃತ ಶಾಸನದಲ್ಲಿ ಸೋನಲಿಪುರ. ಕೋಟೆಯೊಳಗಿನ ಒಂದು ಶಾಸನದಲ್ಲಿ ಸೋನಲಪುರ, ಅಲ್ಲಿಯ ಬಾವಿಯ ಕಲ್ಲಿನ ಮೇಲೆ ಸಂದಲಪುರ. ನಡುವಿನ 'ನ' ಬಿದ್ದು ಸೋಲಾಪುರ ಆಗಿರಬೇಕು ಅಂತ ಪಂಡಿತರ ಅಭಿಪ್ರಾಯ. ಅಂದರೆ ಒಂದೇ ಊರಿನ ಹಳೆಯ ಹೆಸರುಗಳು, ಕಾಲ ಸರಿದ ಮೇಲೆ ಬೇರೆ ಬೇರೆ ಊರುಗಳಾಗಿ ಎಣಿಕೆಗೆ ಬಂದಂತೆ ಕಾಣುತ್ತದೆ.

ಆಕರಗ್ರಂಥದ ಬೆಲೆ ಇರುವುದು ಇಲ್ಲಿ. ಅದು ಕೇಳಿದ ಮಾತನ್ನೂ ಬರೆದಿಡುತ್ತದೆ, ಕಲ್ಲಿನ ಮಾತನ್ನೂ ಬರೆದಿಡುತ್ತದೆ. ಎರಡನ್ನೂ ತೂಗಿ ನೋಡುವ ಕೆಲಸ ಓದುವವರದು.

ರೋಮ್ ನಗರಕ್ಕೆ ಇಂಥ ಒಂದು ಕೋಶ ಉಂಟು. ಗುಡಿ, ಬೀದಿ, ಸೇತುವೆ, ಬಾಗಿಲು, ಒಂದೊಂದರ ಹೆಸರನ್ನೂ ಅಕ್ಷರಕ್ರಮದಲ್ಲಿ ಇಟ್ಟು, ಅದು ಎಲ್ಲಿತ್ತು, ಯಾರು ಹೇಳಿದ್ದಾರೆ ಎಂದು ಬರೆದ ಪುಸ್ತಕ. ಪ್ಲಾಟ್ನರ್ ಎಂಬ ವಿದ್ವಾಂಸರು ಶುರು ಮಾಡಿ, ಮುಗಿಸುವ ಮೊದಲೇ ತೀರಿಕೊಂಡರು. ಆ್ಯಶ್‌ಬಿ ಎಂಬವರು ಪೂರ್ತಿ ಮಾಡಿ 1929ರಲ್ಲಿ ಅಚ್ಚು ಹಾಕಿಸಿದರು. ಒಬ್ಬರ ಆಯುಷ್ಯಕ್ಕೆ ಮುಗಿಯುವ ಕೆಲಸ ಅದಲ್ಲ.

ನಮ್ಮ ಸೊನ್ನಲಿಗೆಗೂ ಅಂಥ ಕೋಶಕ್ಕೆ ಬೇಕಾದ ಸಾಮಾನು ಸಾಕಷ್ಟಿದೆ. ರಾಘವಾಂಕನ ಸಿದ್ಧರಾಮ ಚಾರಿತ್ರವಿದೆ. ಕೆರೆ ಇದೆ, ಕೋಟೆ ಇದೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಕೂಡಿ 1988ರಲ್ಲಿ ತಂದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವಿದೆ. ಕುಂಭಾರರು ದೊಡ್ಡ ಪ್ರಾಧ್ಯಾಪಕರಲ್ಲ, ಸೊಲ್ಲಾಪುರದ ಒಂದು ವಾಚನಾಲಯದಲ್ಲಿ ಸಣ್ಣ ನೌಕರಿ ಮಾಡಿದವರು. ಊರೂರು ತಿರುಗಿ ಕಲ್ಲು ಓದಿದರು. ಭೀಮಾ, ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ ಮರಾಠಿ ಸಾಲನ್ನು ಬೆಳಕಿಗೆ ತಂದವರೂ ಅವರೇ. ಕನ್ನಡ ಶಾಸನವನ್ನೂ ಮರಾಠಿ ಶಾಸನವನ್ನೂ ಅವರು ಒಂದೇ ಅಕ್ಕರೆಯಿಂದ ಓದಿದರು.

ಇನ್ನೊಂದು ಆಕರ ಪುಸ್ತಕದಲ್ಲಿಲ್ಲ, ಕಾಲಲ್ಲಿದೆ. ಸಿದ್ಧರಾಮರು ಊರ ಸುತ್ತ ಅರವತ್ತೆಂಟು ಲಿಂಗ ಸ್ಥಾಪಿಸಿದರೆಂಬುದು ನಮ್ಮ ನಂಬಿಕೆ. ಪ್ರತಿ ಜನವರಿಯಲ್ಲಿ, ಸಂಕ್ರಾಂತಿ ಜಾತ್ರೆಯ ಮೊದಲ ದಿನ, ಏಳು ನಂದಿಧ್ವಜಗಳು ಆ ಅರವತ್ತೆಂಟಕ್ಕೂ ಹೋಗಿ ಎಣ್ಣೆ ಮಜ್ಜನ ಮಾಡಿಸಿ ಬರುತ್ತವೆ. ಕೆಲವು ಲಿಂಗ ಮನೆಗಳ ಮಗ್ಗಲಿಗಿವೆ, ಕೆಲವು ಗದ್ದಲದ ರಸ್ತೆಯ ಬದಿಗಿವೆ. ಓಣಿ ಬದಲಾದರೂ ಧ್ವಜ ಹೊತ್ತವರಿಗೆ ದಾರಿ ಗೊತ್ತು. ಊರಿನ ಹಳೆಯ ಸುತ್ತಳತೆಯನ್ನು ಅವರು ವರ್ಷಕ್ಕೊಮ್ಮೆ ನಡೆದೇ ತೋರಿಸುತ್ತಾರೆ. ಹಾಗಂತ ನಂಬಿಕೆಯನ್ನೇ ಶಾಸನ ಅನ್ನಲಾಗದು. ಕಲ್ಲು ಹೇಳಿದ್ದು, ಕವಿ ಹೇಳಿದ್ದು, ಜನ ಹೇಳಿದ್ದು ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು.

ಇದನ್ನು ನಮ್ಮ ಹಳ್ಳಿಯಿಂದಲೇ ಶುರು ಮಾಡಬಹುದು. ನಮ್ಮ ಹೊಲಗಳಿಗೆ, ಹಳ್ಳಗಳಿಗೆ, ಪಾಳು ಗುಡಿಗಳಿಗೆ ಕನ್ನಡ ಹೆಸರುಗಳಿವೆ. ಅವು ಏಳು-ಬಾರಾ ಉತಾರಿಯಲ್ಲಿ ಸಿಗುವುದಿಲ್ಲ, ಮುದುಕರ ಬಾಯಲ್ಲಿ ಸಿಗುತ್ತವೆ. ಒಂದು ನೂರು ಪುಟದ ವಹಿ ತಂದು, ಏಳನೆಯ ಇಯತ್ತೆಯ ಮಕ್ಕಳ ಕೈಯಲ್ಲಿ ಕೊಡೋಣ. ಹೆಸರು, ಜಾಗ, ಹೇಳಿದವರು, ತಾರೀಖು ಇಷ್ಟು ಬರೆದರೆ ಸಾಕು. ತುಂಬಿದ ವಹಿ ಈ ವಾಚನಾಲಯದ ಕಪಾಟಿನಲ್ಲಿರಲಿ. ಮುಂದೆ ಸೊನ್ನಲಿಗೆಯ ಕೋಶ ಬರೆಯಲು ಕೂತವರು ನಮ್ಮ ಊರ ಪುಟ ಹುಡುಕಿಕೊಂಡು ಇಲ್ಲಿಗೇ ಬರಬೇಕಾದೀತು.