ಹನ್ನೆರಡನೇ ಒಂದರಷ್ಟು ಲೋಟಸ್

ಹಳೆಯ ರೇಸ್ ಕಾರೊಂದರ ಮಾದರಿ ಮಾಡಲು ಹೊರಟವರು ಮೊದಲು ಆರಿಸಿಕೊಳ್ಳಬೇಕಾದದ್ದು ಕಾರನ್ನಲ್ಲ, ದಿನವನ್ನು. ರಸ್ತೆಯ ಮೇಲೆ ಓಡಾಡುವ ಅಂಬಾಸಿಡರೋ ಫಿಯಟ್ಟೋ ಆದರೆ ಈ ತಾಪತ್ರಯವಿಲ್ಲ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ ಮಾಡಿಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ. ರೇಸ್ ಕಾರು ಹಾಗಲ್ಲ. ಈ ಭಾನುವಾರ ಇದ್ದಂತೆ ಅದು ಮುಂದಿನ ಪಂದ್ಯಕ್ಕೆ ಇರುವುದಿಲ್ಲ. ಮೆಕ್ಯಾನಿಕ್‌ಗಳು ರಾತ್ರಿಯೆಲ್ಲ ಕೂತು ಯಾವುದೋ ಕೊಳವೆಯನ್ನು ಅತ್ತ ಸರಿಸಿರುತ್ತಾರೆ, ಮೂತಿಯಲ್ಲೊಂದು ಕಿಂಡಿ ಕೊರೆದಿರುತ್ತಾರೆ, ನಂಬರು ಬದಲಾಗಿರುತ್ತದೆ. ಆದ್ದರಿಂದ ‘ಲೋಟಸ್ 49 ಮಾಡುತ್ತಿದ್ದೇನೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಊರಿನ, ಯಾವ ತಾರೀಖಿನ ಲೋಟಸ್?

1967ನೇ ಇಸವಿಯೊಂದರಲ್ಲೇ ನನಗೆ ಮೂರು ದಿನಗಳು ಆಸೆ ಹುಟ್ಟಿಸಿದವು. ಒಂದು, ಇಟಲಿಯ ಮೊನ್ಜಾ. ಅಲ್ಲಿ ಲೋಟಸ್ ಓಡಿಸುತ್ತಿದ್ದ ಜಿಮ್ ಕ್ಲಾರ್ಕ್ ಟೈರು ಪಂಕ್ಚರ್ ಆಗಿ ಪೂರ್ತಿ ಒಂದು ಸುತ್ತು ಹಿಂದೆ ಬಿದ್ದ. ಆ ಸುತ್ತನ್ನು ಓಟದಲ್ಲೇ ಸಂಪಾದಿಸಿಕೊಂಡು ಮತ್ತೆ ಎಲ್ಲರಿಗಿಂತ ಮುಂದೆ ಬಂದ. ಕೊನೆಯ ಸುತ್ತಿನಲ್ಲಿ ಎಂಜಿನ್ನಿಗೆ ಪೆಟ್ರೋಲು ಸರಿಯಾಗಿ ಸಿಗದೆ ಮೂರನೆಯವನಾಗಿ ಮುಗಿಸಿದ. ಆ ದಿನ ಗೆದ್ದದ್ದು ಹೋಂಡಾ ಓಡಿಸುತ್ತಿದ್ದ ಜಾನ್ ಸರ್ಟೀಸ್. ಆದರೆ ಜನ ಮಾತಾಡುವುದು ಇವತ್ತಿಗೂ ಕ್ಲಾರ್ಕನ ಬಗ್ಗೆಯೇ. ಇನ್ನೊಂದು, ಅಮೆರಿಕದ ವಾಟ್ಕಿನ್ಸ್ ಗ್ಲೆನ್. ಪಂದ್ಯ ಮುಗಿಯಲು ಇನ್ನೇನು ಎರಡು ಸುತ್ತಿದೆ ಎನ್ನುವಾಗ ಹಿಂದಿನ ಸಸ್ಪೆನ್ಷನ್ನಿನ ಕೊಂಡಿ ಮುರಿದು ಒಂದು ಚಕ್ರ ಓರೆಯಾಯಿತು. ಆ ಓರೆ ಚಕ್ರದಲ್ಲೇ ಕ್ಲಾರ್ಕ್ ಗೆದ್ದ. ಆ ದಿನದ ಕಾರನ್ನು ಮಾಡುವುದಾದರೆ ಚಕ್ರವನ್ನು ಬೇಕೆಂದೇ ಓರೆಯಾಗಿ ಕೂರಿಸಬೇಕು. ಕಲ್ಪಿಸಿಕೊಂಡರೇ ಮೈ ಜುಮ್ಮೆನ್ನುತ್ತದೆ. ಆದರೆ ಮನೆಗೆ ಬಂದ ಪ್ರತಿಯೊಬ್ಬರೂ ‘ಇದೊಂದು ಚಕ್ರ ಸೊಟ್ಟಗಿದೆಯಲ್ಲ’ ಎಂದು ನೆಟ್ಟಗೆ ಮಾಡಲು ಕೈ ಹಾಕುತ್ತಾರೆ ಎಂಬುದೂ ಖಚಿತ.

ನಾನು ಆರಿಸಿಕೊಂಡದ್ದು ಮೂರನೆಯದನ್ನು: 1967ರ ಜೂನ್ 4, ಹಾಲೆಂಡಿನ ಜಾಂಡ್‌ವೋರ್ಟ್. ಆ ಕಾರಿನ ಮೊಟ್ಟಮೊದಲ ಪಂದ್ಯ ಅದು. ಅದರೊಳಗಿನ ಫೋರ್ಡ್ ಕಾಸ್ವರ್ತ್ ಎಂಜಿನ್ನಿಗೂ ಅದೇ ಮೊದಲು. ಕ್ಲಾರ್ಕ್ ಆಗ ತೆರಿಗೆಯ ಕಾರಣಕ್ಕೆ ಬ್ರಿಟನ್ನಿನ ಹೊರಗೆ ವಾಸವಾಗಿದ್ದ. ಆ ವಾರ ಅಭ್ಯಾಸಕ್ಕೆ ಇಳಿಯುವ ತನಕ ಆ ಕಾರನ್ನು ಓಡಿಸಿಯೇ ಇರಲಿಲ್ಲ. ಪರೀಕ್ಷೆಯ ಓಟಗಳೆಲ್ಲ ಜೊತೆಗಾರ ಗ್ರಹಾಂ ಹಿಲ್‌ನ ಪಾಲಿಗೆ ಬಿದ್ದಿದ್ದವು. ಅಭ್ಯಾಸದಲ್ಲಿ ಹಿಲ್ ಎಲ್ಲರಿಗಿಂತ ವೇಗವಾಗಿ ಸುತ್ತಿದ, ಕ್ಲಾರ್ಕ್ ಎಂಟನೆಯವನಾಗಿ ನಿಂತ. ಪಂದ್ಯದಲ್ಲಿ ಮುಂದಿದ್ದ ಹಿಲ್‌ನ ಎಂಜಿನ್ ಬೇಗನೆ ಕೈಕೊಟ್ಟಿತು. ಕ್ಲಾರ್ಕ್ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು, ಎರಡನೆಯವನಾದ ಜ್ಯಾಕ್ ಬ್ರಾಬಮ್‌ಗಿಂತ ಇಪ್ಪತ್ತಮೂರು ಸೆಕೆಂಡಿಗೂ ಹೆಚ್ಚು ಮುಂದೆ ಗೆರೆ ದಾಟಿದ. ಹೊಸ ಕಾರು, ಹೊಸ ಎಂಜಿನ್, ಮೊದಲ ದಿನವೇ ಗೆಲುವು. ಹಸಿರು ಮೈ, ನಡುವೆ ಹಳದಿ ಪಟ್ಟಿ, ನಂಬರು 5.

ಕಿಟ್ ಜಪಾನಿನ ತಮಿಯಾ ಕಂಪನಿಯದು, 1/12ರ ಅಳತೆ. 1960ರ ದಶಕದ ಕೊನೆಯಲ್ಲಿ ಮೊದಲು ಬಂದದ್ದು, ಆಮೇಲೆ ಮತ್ತೆ ಮತ್ತೆ ಅಚ್ಚಾಗಿದೆ. ತಮಿಯಾ ಇರುವುದು ಶಿಜುಓಕಾ ಎಂಬ ಊರಿನಲ್ಲಿ. ಮರ ಕೊಯ್ಯುವ ಮಿಲ್ಲಾಗಿ ಶುರುವಾಗಿ, ಮರದ ಮಾದರಿಗಳಿಗೆ ಹೊರಳಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದ ಮನೆತನ ಅದು. ಅದರ ಯಜಮಾನರಾಗಿದ್ದ ಶುನ್‌ಸಾಕು ತಮಿಯಾ ಅವರು ಪೋರ್ಷೆ 934ರ ಮಾದರಿ ಮಾಡುವಾಗ ಅಳತೆ ಸಿಗಲಿ ಎಂದು ಒಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಹಾಕಿದರು. ಮಾದರಿಯವರಲ್ಲಿ ಈ ಸಂಗತಿ ಗೊತ್ತಿಲ್ಲದವರಿಲ್ಲ. ಆ ನಿಷ್ಠೆ ಪೆಟ್ಟಿಗೆ ತೆರೆದ ಕೂಡಲೇ ಕಾಣುತ್ತದೆ. ಕಡ್ಡಿ ಕಡ್ಡಿಯಂಥ ಚೌಕಟ್ಟಿಗೆ ಅಂಟಿಕೊಂಡ ಭಾಗಗಳಲ್ಲಿ ಯಾವುದನ್ನು ಕತ್ತರಿಸಿ ಕೈಗೆತ್ತಿಕೊಂಡರೂ ಅದಕ್ಕೊಂದು ಕೆಲಸವಿದೆ, ಸುಮ್ಮನೆ ಅಂದಕ್ಕೆ ಇಟ್ಟದ್ದು ಒಂದೂ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಸಂಜೆ ಹೊತ್ತು ಬಂದು ಕೂರುತ್ತಾರೆ. ಲೋಹದ ವಿಷಯದಲ್ಲಿ ಅವರ ಕಣ್ಣು ಬಹಳ ಚುರುಕು. ಕಾರಿನ ಮುಂದಿನ ಅರ್ಧ, ಅಂದರೆ ಚಾಲಕ ಕೂರುವ ತೊಟ್ಟಿಯಂಥ ಭಾಗ, ಸಿದ್ಧವಾಗಿ ಮೇಜಿನ ಮೇಲಿತ್ತು. ಅದನ್ನು ತಿರುಗಿಸಿ ನೋಡಿ ಕೇಳಿದರು: “ಅಲ್ಲಾ ಸ್ವಾಮಿ, ಚಾಸಿ ಇಲ್ಲಿಗೇ ಮುಗೀತಲ್ಲ. ಹಿಂದಿನ ಚಕ್ರ ಯಾವುದಕ್ಕೆ ಕೂರಿಸ್ತೀರಿ?”

“ಎಂಜಿನ್ನಿಗೆ.”

“ಎಂಜಿನ್ನು ಯಾವುದಕ್ಕೆ?”

“ಈ ತೊಟ್ಟಿಯ ಬೆನ್ನಿಗೆ. ನಾಲ್ಕು ಕಡೆ ಬಿಗಿಯೋದು, ಅಷ್ಟೇ.”

ಅವರು ಎಂಜಿನ್ನನ್ನು ತೊಟ್ಟಿಯ ಬೆನ್ನಿಗೆ ಹಿಡಿದು ನೋಡಿದರು, ತೆಗೆದರು, ಮತ್ತೆ ಹಿಡಿದರು. “ಹಂಗಾದ್ರೆ ಇದು ಬರೀ ಎಂಜಿನ್ನಲ್ಲ, ಚಾಸೀನೇ ಅನ್ನಿ.”

ಲೋಟಸ್‌ನ ಕಾಲಿನ್ ಚಾಪ್ಮನ್, ಮಾರಿಸ್ ಫಿಲಿಪ್, ಕಾಸ್ವರ್ತ್‌ನ ಕೀತ್ ಡಕ್‌ವರ್ತ್ ಸೇರಿ ಮಾಡಿದ ಕೆಲಸದ ತಿರುಳನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಎಂಜಿನ್ನಿಗೆ ಚೌಕಟ್ಟಿನ ಹೊರೆ ಹೊರಿಸುವುದು ಆಗ ತೀರ ಹೊಸದೇನಲ್ಲ. ಹಿಂದಿನ ವರ್ಷವೇ ಲೋಟಸ್ 43ರಲ್ಲಿ ಬಿಆರ್‌ಎಂ ಕಂಪನಿಯ ಹದಿನಾರು ಸಿಲಿಂಡರಿನ ಭಾರೀ ಎಂಜಿನ್ ಹಾಗೆ ಕೂತಿತ್ತು. ಅದೇ ಎಂಜಿನ್ನಿನ ಒಂದೇ ಒಂದು ಗೆಲುವು ಕ್ಲಾರ್ಕನ ಕೈಯಲ್ಲಾಯಿತು, 1966ರ ಅಮೆರಿಕದ ಪಂದ್ಯದಲ್ಲಿ. ಆದರೆ ಡಕ್‌ವರ್ತ್ ತನ್ನ ಎಂಟು ಸಿಲಿಂಡರಿನ ಡಿಎಫ್‌ವಿಯನ್ನು ಮೊದಲಿನಿಂದಲೇ ಕಾರಿನ ಹಿಂಬದಿಯ ಮೂಳೆಯಾಗಿ ಯೋಚಿಸಿದ. ಮೂರು ಲೀಟರ್, ಸುಮಾರು 400 ಅಶ್ವಶಕ್ತಿ; ಅದಕ್ಕೆ ಫೋರ್ಡ್ ಕೊಟ್ಟ ಹಣ ಒಂದು ಲಕ್ಷ ಪೌಂಡ್. ಕೆಳಗೆ ಎರಡು ಬೋಲ್ಟು ಗಟ್ಟಿಯಾಗಿ ಕಚ್ಚುತ್ತವೆ. ಮೇಲೆ ಮಾತ್ರ ತೆಳ್ಳನೆಯ ತ್ರಿಕೋನದ ತಗಡುಗಳು. ಯಾಕೆಂದರೆ ಎಂಜಿನ್ ಕಾದಾಗ ಹಿಗ್ಗುತ್ತದೆ. ಆ ತಗಡು ಅಷ್ಟಕ್ಕೆ ಬಾಗಿಕೊಡುತ್ತದೆ, ಎಳೆತವನ್ನೂ ತಡೆಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಪುಟ್ಟ ತ್ರಿಕೋನವನ್ನು ಚಿಮಟದಲ್ಲಿ ಹಿಡಿದು ಅದರ ಜಾಗದಲ್ಲಿ ಇಟ್ಟಾಗ, ಇಡೀ ಹಿಂಬದಿ ಇದರ ಆಸರೆಯಲ್ಲಿ ನಿಂತಿದೆ ಎಂಬುದು ಬೆರಳಿಗೆ ತಿಳಿದ ಬಗೆಯೇ ಬೇರೆ. ಮಾದರಿ ಮಾಡುವುದರಲ್ಲಿ ನನಗೆ ಸಿಗುವ ದೊಡ್ಡ ಸುಖ ಇದು: ಎಂಜಿನಿಯರ್ ಯಾವ ಕ್ರಮದಲ್ಲಿ ಯೋಚಿಸಿದನೋ ಅದೇ ಕ್ರಮದಲ್ಲಿ ಕೈ ಆಡಿಸಬೇಕು, ಬೇರೆ ದಾರಿಯಿಂದ ಹೋದರೆ ಭಾಗಗಳು ಕೂರುವುದೇ ಇಲ್ಲ.

ಅಳತೆಯ ಲೆಕ್ಕವೂ ಸ್ವಾರಸ್ಯದ್ದೇ. ನಿಜವಾದ ಕಾರು ಸುಮಾರು ನಾಲ್ಕು ಮೀಟರ್ ಉದ್ದ. ನನ್ನದು 33 ಸೆಂಟಿಮೀಟರಿನಷ್ಟು. ಉದ್ದ ಹನ್ನೆರಡು ಪಟ್ಟು ಇಳಿದರೆ ಗಾತ್ರ 1728 ಪಟ್ಟು ಇಳಿಯುತ್ತದೆ. ಆಗಿನ ನಿಯಮದ ಪ್ರಕಾರ ಕಾರಿನ ಕನಿಷ್ಠ ತೂಕ 500 ಕೆ.ಜಿ.; ಅದೇ ಲೋಹದಲ್ಲಿ ಇಷ್ಟೇ ಚಿಕ್ಕದಾಗಿ ಮಾಡಿದ್ದರೆ 290 ಗ್ರಾಂ ತೂಗುತ್ತಿತ್ತು. ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಾದರೂ, ದೊಡ್ಡ ಕಾರಿನ ಮೇಲೆ ಅದು 1.2 ಮಿ.ಮೀ. ಲೇಪನ ಬಳಿದಂತೆ. ರಿವೆಟ್ಟುಗಳ ತಲೆಯೆಲ್ಲ ಮುಳುಗಿಹೋಗುತ್ತದೆ. ಏಳು ಮಿ.ಮೀ. ದಪ್ಪದ ಸ್ಪಾರ್ಕ್ ಪ್ಲಗ್ಗಿನ ವೈರು ಇಲ್ಲಿ 0.6 ಮಿ.ಮೀ. ಆಗಬೇಕು. ಅದು ಕಿಟ್ಟಿನಲ್ಲಿ ಬಂದದ್ದಕ್ಕಿಂತ, ಕೆಟ್ಟುಹೋದ ಇಯರ್‌ಫೋನಿನ ಒಳಗೆ ಚೆನ್ನಾಗಿ ಸಿಗುತ್ತದೆ. ಎಂಟು ಪ್ಲಗ್ಗು, ಎಂಟು ವೈರು; ಒಂದರ ಮೇಲೊಂದು ಬೀಳದಂತೆ, ಶಾವಿಗೆ ಎಳೆ ಹರವಿದಂತೆ, ಬೇರೆ ಬೇರೆಯಾಗಿ ಕೂರಿಸಬೇಕು.

ಬಣ್ಣದ ಮಾತು ಬಂತು. ಆಗ ಕಾರಿಗೆ ಬಣ್ಣ ಕೊಡುತ್ತಿದ್ದದ್ದು ದೇಶ: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬೆಲ್ಜಿಯಮ್ಮಿಗೆ ಹಳದಿ, ಬ್ರಿಟನ್ನಿಗೆ ಹಸಿರು. 1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಕ್ಲಾರ್ಕ್ ತನ್ನ ಇಪ್ಪತ್ತೈದನೇ ಗೆಲುವು ಪಡೆದು ಹುವಾನ್ ಫಾಂಜಿಯೊನ ಇಪ್ಪತ್ತನಾಲ್ಕನ್ನು ದಾಟಿದಾಗಲೂ ಕಾರು ಹಸಿರಾಗಿಯೇ ಇತ್ತು. ಆ ವರ್ಷವೇ ಅದೇ ಲೋಟಸ್ ಸಿಗರೇಟು ಪೊಟ್ಟಣದ ಕೆಂಪು, ಬಿಳಿ, ಬಂಗಾರದ ಬಣ್ಣ ಹೊತ್ತು ಬಂತು. ನೋಡಲು ಅದೂ ಸೊಗಸೇ, ಆದರೆ ನನ್ನ ಮನಸ್ಸು ಹಸಿರಿನ ಕಡೆಗೇ.

ಹಸಿರಿನ ಮೇಲೆ ಹಳದಿ ಪಟ್ಟಿಯನ್ನು ಕಿಟ್ಟಿನ ಡೆಕಾಲ್ ಅಂಟಿಸಿ ಮುಗಿಸಬಹುದು. ಹಾಗೆ ಮಾಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೆಳಗಿನ ಹಸಿರು ಹಣಕಿ ಹಳದಿ ಮಂಕಾಗುತ್ತದೆ. ಬಿಳಿ ಪ್ರೈಮರ್ ಹೊಡೆದು, ಅದರ ಮೇಲೆ ಹಳದಿ, ಪಟ್ಟಿಯ ಜಾಗಕ್ಕೆ ಮಾಸ್ಕಿಂಗ್ ಟೇಪು, ಆಮೇಲೆ ಹಸಿರು. ಟೇಪು ಕೀಳುವ ಗಳಿಗೆಗಾಗಿ ಎಷ್ಟು ದಿನ ಬೇಕಾದರೂ ಕಾಯಬಹುದು. ಹಸಿರೂ ಡಬ್ಬಿಯಲ್ಲಿದ್ದಂತೆ ಹೊಡೆಯುವಂಥದ್ದಲ್ಲ. ಬಯಲಿನಲ್ಲಿ ನಿಂತ ದೊಡ್ಡ ಕಾರಿನ ಬಣ್ಣ ಅದೇ ಇದ್ದರೂ, ಮೇಜಿನ ಮೇಲಿನ ಚಿಕ್ಕ ಕಾರಿನಲ್ಲಿ ಕಪ್ಪಾಗಿ ಕಾಣುತ್ತದೆ. ಒಂದಿಷ್ಟು ತಿಳಿ ಮಾಡಿಕೊಂಡೇ ಏರ್‌ಬ್ರಷ್‌ಗೆ ಹಾಕಬೇಕು. ನಮ್ಮ ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಕಷ್ಟವುಂಟು. ಆಷಾಢದ ಮಳೆಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ, ತಿನ್ನರ್ ಬೇಗ ಆರುತ್ತ ಮೇಲ್ಮೈಯನ್ನು ತಂಪಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಇಳಿದು ಬಣ್ಣಕ್ಕೆ ಬೂದಿ ಮೆತ್ತಿದಂತಾಗುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರ್ ಬೆರೆಸಿದರೆ ಸ್ವಲ್ಪ ಬಚಾವು. ಬಿಸಿಲಿಗೆ ಕಾದರೆ ಇನ್ನೂ ಒಳ್ಳೆಯದು.

ಹಳೆಯ ಕಾರಿನ ಈಗಿನ ಫೋಟೋಗಳನ್ನು ನೋಡಿ ಕೆಲಸ ಮಾಡುವವರು ಎಚ್ಚರವಾಗಿರಬೇಕು. ಈಗ ಪ್ರದರ್ಶನದ ಓಟಗಳಲ್ಲಿ ಕಾಣುವ ಆ ಕಾಲದ ಕಾರುಗಳಿಗೆ ಸುರಕ್ಷತೆಗೆಂದು ಸೀಟ್ ಬೆಲ್ಟು, ಎತ್ತರದ ರೋಲ್ ಬಾರು ಸೇರಿಸಿರುತ್ತಾರೆ. ಸರಿಯೇ, ಇವತ್ತು ಓಡಿಸುವವರ ಜೀವ ಮುಖ್ಯ. ಆದರೆ 1967ರಲ್ಲಿ ಬಹುತೇಕ ಗ್ರ್ಯಾಂಡ್ ಪ್ರಿ ಚಾಲಕರು ಬೆಲ್ಟು ಕಟ್ಟುತ್ತಲೇ ಇರಲಿಲ್ಲ. ಬೆಂಕಿ ಹೊತ್ತಿಕೊಂಡರೆ ಹಾರಿಕೊಳ್ಳುವುದೇ ಲೇಸು ಎಂಬುದು ಅವರ ನಂಬಿಕೆ. ತೊಟ್ಟಿಯ ಎರಡು ಪಕ್ಕಗಳನ್ನು ಜೋಡಿಸುವಾಗ ಆ ನಂಬಿಕೆಗೆ ಕಾರಣ ಕಣ್ಣೆದುರೇ ಬರುತ್ತದೆ: ಅಲ್ಯೂಮಿನಿಯಂ ತಗಡಿನ ಆ ಗೋಡೆಗಳ ಒಳಗಿರುವುದು ಪೆಟ್ರೋಲಿನ ಚೀಲಗಳು. ಎಡಕ್ಕೂ ಬಲಕ್ಕೂ ಬೆನ್ನಿಗೂ ಪೆಟ್ರೋಲು, ನಡುವೆ ಮನುಷ್ಯ. ಕ್ಲಾರ್ಕ್ ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ ಕುರಿ, ಹೊಲ ನೋಡಿಕೊಂಡಿದ್ದ ರೈತ. ಚರ್ನ್‌ಸೈಡಿನ ಅವನ ಸಮಾಧಿಕಲ್ಲಿನ ಮೇಲೆ ರೈತ ಎಂಬುದೇ ಮೊದಲು, ವಿಶ್ವ ಚಾಂಪಿಯನ್ ಎಂಬುದು ಆಮೇಲೆ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮಿನಲ್ಲಿ, ಇದಕ್ಕಿಂತ ಚಿಕ್ಕ ಫಾರ್ಮುಲಾ ಟೂ ಲೋಟಸ್ ಒಂದರಲ್ಲಿ, ಮರಗಳಿಗೆ ಬಡಿದು ತೀರಿಕೊಂಡ. ವಯಸ್ಸು 32. ಕಿಟ್ಟುಗಳಿಗೆ ಮೇಲಿನಿಂದ ಕೊಂಡು ಸೇರಿಸುವ ಲೋಹದ ಬಕಲ್ಲು, ಬಟ್ಟೆಯ ಬೆಲ್ಟು ಬಹಳ ಚೆಂದ ಇರುತ್ತವೆ. ನಾನು ಹಾಕಲಿಲ್ಲ. ಜಾಂಡ್‌ವೋರ್ಟಿನ ಆ ದಿನ ಬೆಲ್ಟು ಇರಲಿಲ್ಲವಾದ್ದರಿಂದ ಹಾಕಲು ನನಗೆ ಹಕ್ಕಿಲ್ಲ.

ಕೊಳೆ ಹಚ್ಚುವುದೋ ಬೇಡವೋ ಎಂಬುದರ ಮೇಲೆ ಮಾದರಿಯವರಲ್ಲಿ ಎರಡು ಪಂಗಡಗಳಿವೆ. ಎಣ್ಣೆಯ ಕಲೆ, ಧೂಳು, ಟೈರಿನ ಸವೆತ ಎಲ್ಲ ಬೇಕೆನ್ನುವವರು ಒಂದು ಕಡೆ, ಹೊಳೆಯುವ ಕಾರೇ ಕಾರು ಎನ್ನುವವರು ಇನ್ನೊಂದು ಕಡೆ. ಜಾಂಡ್‌ವೋರ್ಟಿನ ರೇಸ್ ಟ್ರ್ಯಾಕು ಉತ್ತರ ಸಮುದ್ರದ ದಂಡೆಯ ಮರಳುದಿಬ್ಬಗಳ ನಡುವೆ ಇದೆ. ಗಾಳಿ ಬಂದರೆ ಮರಳು ರಸ್ತೆಗೆ ಬರುತ್ತದೆ. ಹಾಗಾಗಿ ನಾನು ಟೈರಿನ ಗೀರುಗಳಲ್ಲಿ, ಮೂತಿಯ ಕೆಳಗೆ ತಿಳಿ ಮರಳಿನ ಬಣ್ಣವನ್ನು ಒಣ ಬ್ರಷ್ಷಿನಲ್ಲಿ ತೀರಾ ಹಗುರಾಗಿ ಸವರಿದ್ದೇನೆ. ಎಕ್ಸಾಸ್ಟ್ ಕೊಳವೆಗಳು ಎಂಜಿನ್ನಿನಿಂದ ಹೊರಬರುವ ತಿರುವಿನಲ್ಲಿ ಕಂದು, ಅಲ್ಲಿಂದ ಹಿಂದಕ್ಕೆ ನೀಲಿ ಬೂದು. ಅಷ್ಟು ಸಾಕು.

ಇದನ್ನೆಲ್ಲ ಓದಿ ಯಾರಿಗಾದರೂ ಕೈ ತುರಿಸಿದರೆ, ಶುರುವಿಗೇ ಇಷ್ಟು ದೊಡ್ಡದಕ್ಕೆ ಹೋಗಬೇಡಿ. ಇಟಲಿಯ ಪೋಕರ್ ಕಂಪನಿಯ 1/8 ಅಳತೆಯ ಆಲ್ಫಾ ರೋಮಿಯೊ ಅಂತೂ ಬೇಡವೇ ಬೇಡ. ಅದರ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹೆಣೆಯಬೇಕು. ತಮಿಯಾದ್ದೇ 1/20 ಅಳತೆಯ ಹೋಂಡಾ ಆರ್‌ಎ272 ತೆಗೆದುಕೊಳ್ಳಿ. 1965ರಲ್ಲಿ ಮೆಕ್ಸಿಕೊದಲ್ಲಿ ರಿಚಿ ಗಿಂತರ್ ಓಡಿಸಿ ಗೆದ್ದದ್ದು, ಜಪಾನಿನ ಕಾರಿಗೆ ಸಿಕ್ಕ ಮೊದಲ ಗ್ರ್ಯಾಂಡ್ ಪ್ರಿ ಗೆಲುವು. ಒಂದೂವರೆ ಲೀಟರಿನ ಪುಟ್ಟ ಎಂಜಿನ್ನಿಗೆ ಹನ್ನೆರಡು ಸಿಲಿಂಡರು, ಅದೂ ಅಡ್ಡಡ್ಡ ಕೂತಿದೆ. ಮೈ ದಂತದ ಬಿಳಿ, ಮೂತಿಯ ಮೇಲೆ ಕೆಂಪು ಸೂರ್ಯ. ಎಕ್ಸಾಸ್ಟ್ ಕೊಳವೆಗಳಿಗೆ ಮಾತ್ರ ಮೊದಲೇ ಬಣ್ಣ ಹಚ್ಚಿ ಒಣಗಿಸಿಕೊಂಡು ಆಮೇಲೆ ಕೂರಿಸಿ. ಒಮ್ಮೆ ಅಂಟಿಸಿದರೆ ಆ ಸಂದಿಯೊಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ.