ಸ್ಕಾಟ್ಲೆಂಡಿನ ಬಾಟಲಿ, ನಮ್ಮೂರ ಪ್ಯಾಕೆಟ್

ಜಿಲ್ಲೆಯ ಸುದ್ದಿಗೆ ಹಳ್ಳಿ ಹಳ್ಳಿ ಓಡಾಡುವ ನಮ್ಮ ಕೈಗೆ ಹೆಂಗಸರು ಕೊಡುವ ಅರ್ಜಿ ಹೆಚ್ಚಾಗಿ ಒಂದೇ: ಕಿರಾಣಿ ಅಂಗಡಿಯಲ್ಲಿ ಮದ್ಯ ಮಾರುವುದನ್ನು ನಿಲ್ಲಿಸಿ. ಆ ಸುದ್ದಿ ಬರೆಯುವಾಗೆಲ್ಲ ನಮಗೆ ಸ್ಕಾಟ್ಲೆಂಡ್ ನೆನಪಾಗುತ್ತದೆ.

ಅಲ್ಲಿ ವಿಸ್ಕಿಯೆಂದರೆ ನಾಡಿನ ಗುರುತು. ಸ್ಪೇ ನದಿಯ ಸೀಮೆಗೆ, ಐಲಾ ದ್ವೀಪಕ್ಕೆ ವಿಸ್ಕಿ ಭಟ್ಟಿ ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ವರ್ಷಕ್ಕೆ ಸುಮಾರು 20 ಲಕ್ಷ ಭೇಟಿ. ನಮ್ಮ ಬೆಂಗಳೂರಿನ ಅಮೃತ್ ಕಂಪನಿ ಕೂಡ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಅಲ್ಲಿನ ಗ್ಲಾಸ್ಗೋದಲ್ಲಿ.

ಆದರೆ ಸುಮಾರು 55 ಲಕ್ಷ ಜನರ ಆ ನಾಡಿನಲ್ಲೇ 2023ರಲ್ಲಿ ಕುಡಿತದಿಂದ 1,277 ಮಂದಿ ಸತ್ತರು.

ಅಲ್ಲಿನ ಸಂಸತ್ತು ಸುಮ್ಮನೆ ಕೂತಿರಲಿಲ್ಲ. ಮದ್ಯಕ್ಕೆ ಕನಿಷ್ಠ ಬೆಲೆ ಇರಬೇಕೆಂದು 2012ರಲ್ಲೇ ಕಾಯ್ದೆ ಮಾಡಿತ್ತು. ವಿಸ್ಕಿ ತಯಾರಕರ ಸಂಘ ಕೋರ್ಟಿಗೆ ಹೋಯಿತು. 2017ರಲ್ಲಿ ಸಂಘ ಸೋತಿತು. 2018ರ ಮೇ 1ರಂದು ಕಾಯ್ದೆ ಜಾರಿಗೆ ಬಂತು. 10 ಮಿಲಿ ಶುದ್ಧ ಆಲ್ಕೋಹಾಲಿಗೆ ಕನಿಷ್ಠ 50 ಪೆನ್ಸ್. 2024ರಲ್ಲಿ ಅದು 65 ಆಯಿತು. ಲೆಕ್ಕ ಹಾಕಿದರೆ ಶೇ 40ರ 700 ಮಿಲಿ ಬಾಟಲಿಯನ್ನು 18 ಪೌಂಡ್ 20 ಪೆನ್ಸಿಗಿಂತ ಕಡಿಮೆಗೆ ಮಾರುವಂತಿಲ್ಲ. ಪ್ರವಾಸಿಗರು ಕೊಳ್ಳುವ ದುಬಾರಿ ಮಾಲ್ಟಿಗೆ ಇದರ ಬಿಸಿ ತಟ್ಟುವುದಿಲ್ಲ. ತಟ್ಟಿದ್ದು ಬಡವರ ಓಣಿಯ ಅಗ್ಗದ ಮದ್ಯಕ್ಕೆ.

ಫಲ ಸಿಕ್ಕಿತೇ? ಕಾಯ್ದೆ ಇಲ್ಲದಿದ್ದರೆ ಆಗುತ್ತಿದ್ದ ಸಾವಿಗಿಂತ ಶೇ 13.4ರಷ್ಟು ಕಡಿಮೆಯಾಗಿದೆ ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಜೊತೆಗೆ ಇನ್ನೊಂದು ಮಾತೂ ಹೊರಬಂತು: ಚಟಕ್ಕೆ ಬಿದ್ದ ಕೆಲವರು ಊಟದ ಖರ್ಚು ಕಡಿಮೆ ಮಾಡಿ ಕುಡಿದರು.

ಇದನ್ನು ನಮ್ಮೂರ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿಯುವವರು ವಿಸ್ಕಿ ಪ್ಯಾಕೆಟ್ಟಿಗೆ ತಿರುಗಿದರು. ಸರ್ಕಾರ ಸುಂಕ ಏರಿಸಿದಾಗೆಲ್ಲ ಆ ಹೆಚ್ಚಿನ ದುಡ್ಡು ಹೋಗುವುದು ಹೆಂಡತಿಯ ಕೂಲಿಯಿಂದ, ಮಕ್ಕಳ ಫೀಸಿನಿಂದ.

ಹಾಗಂತ ಬೆಲೆ ಏರಿಸಲೇಬಾರದು ಎಂದು ನಾವು ಹೇಳುತ್ತಿಲ್ಲ. ಅದು ಅರ್ಧ ಕೆಲಸ ಅಷ್ಟೇ. ಕುಡಿತ ಬಿಡಬೇಕೆನ್ನುವವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು, ಕಿರಾಣಿ ಅಂಗಡಿಯ ಮಾರಾಟ ನಿಲ್ಲಬೇಕು. ಅಬಕಾರಿ ಸುಂಕದಲ್ಲಿ ಇದಕ್ಕೆಷ್ಟು ಖರ್ಚಾಗುತ್ತಿದೆ? ಮುಂದಿನ ಗ್ರಾಮಸಭೆಯಲ್ಲಿ ನೀವು ಕೇಳಿ. ಉತ್ತರ ಬರೆದುಕೊಳ್ಳಲು ನಾವು ಬರುತ್ತೇವೆ.