ಇಲಿಯಿಲ್ಲದ ಗಣಪತಿ

ಕನ್ನಡ ಮೇಷ್ಟರಿಗೂ ಬಂದೂಕಿನ ಆಟಕ್ಕೂ ಎಲ್ಲಿಯ ನಂಟು ಎಂದು ನಗುವವರು ನಗಲಿ. ವಿದ್ಯಾರ್ಥಿದೆಸೆಯಲ್ಲಿ ಸೈಬರ್ ಕೆಫೆಗೆ ನಾನು ತೆತ್ತ ಹಣದಲ್ಲಿ ಒಂದು ನಿಘಂಟು ಬರುತ್ತಿತ್ತು. ತೆತ್ತುದು ‘ಕ್ವೇಕ್ ೩ ಅರೀನಾ’ ಎಂಬ ಆಟಕ್ಕೆ.

ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಅದನ್ನು ೧೯೯೯ರ ಡಿಸೆಂಬರಿನಲ್ಲಿ ಕಂಪ್ಯೂಟರಿಗಾಗಿ ಹೊರತಂದಿತು. ಕಥೆಯೆಂಬುದು ಹೆಸರಿಗೆ ಮಾತ್ರ. ಒಂದು ಕಣ, ಒಳಗೆ ಕೆಲವರು ಭಟರು. ಸತ್ತವನು ಮರುಕ್ಷಣವೇ ಹುಟ್ಟಿ ಮತ್ತೆ ಕಾದುವನು. ಕಾಲ ಬುಡಕ್ಕೇ ರಾಕೆಟ್ ಹಾರಿಸಿ, ಆ ಸ್ಫೋಟದ ಬಲದಿಂದ ಮೇಲಿನ ಅಟ್ಟಕ್ಕೆ ನೆಗೆಯುವುದು ಅಲ್ಲಿಯ ವಿದ್ಯೆಗಳಲ್ಲೊಂದು. ಎಲ್ಲಕ್ಕೂ ಆಧಾರ ಮೌಸು. ಮಣಿಕಟ್ಟು ಎಷ್ಟು ಹೊರಳಿತೋ ನೋಟವೂ ಅಷ್ಟೇ ಹೊರಳುತ್ತದೆ. ಕನ್ಸೋಲಿನ ಹಿಡಿಕೆಯಲ್ಲಿರುವ ಪುಟ್ಟ ಕೋಲಾದರೋ ಹೊರಳುವ ವೇಗವನ್ನಷ್ಟೇ ತಿಳಿಸಬಲ್ಲುದು. ನಿಲ್ಲಬೇಕಾದ ಎಡೆಯನ್ನು ಹೆಬ್ಬೆರಳೇ ಊಹಿಸಬೇಕು. ಗಣಪತಿಯ ಇಲಿಯನ್ನು ಕಿತ್ತುಕೊಂಡು, ಹೊತ್ತಿಗೆ ಸರಿಯಾಗಿ ಬಾರಪ್ಪ ಎಂದಂತೆ!

ಇಂಥ ಆಟವನ್ನು ೨೦೦೦ದಲ್ಲಿ ರಾಸ್ಟರ್ ಪ್ರೊಡಕ್ಷನ್ಸ್‌ನವರು ಸೆಗಾದ ಡ್ರೀಮ್‌ಕಾಸ್ಟಿಗೆ ಇಳಿಸಿದರು. ಕಂಪ್ಯೂಟರಿನಲ್ಲಿ ೬೪ ಮೆಗಾಬೈಟ್ ಮೆಮೊರಿ ಬೇಡುತ್ತಿದ್ದ ಆಟ. ಆ ಪೆಟ್ಟಿಗೆಯಲ್ಲಿ ಮುಖ್ಯ ಮೆಮೊರಿ ಇದ್ದುದು ೧೬. ಹಿಡಿಕೆಯಲ್ಲಿದ್ದುದೂ ಒಂದೇ ಕೋಲು. ಚಿತ್ರಗಳ ನಯ ತಗ್ಗಿತು, ಜಾಲದಲ್ಲಿ ಒಟ್ಟಿಗೆ ಆಡುವವರು ನಾಲ್ವರಾದರು. ಆದರೆ ಮೌಸು, ಕೀಲಿಮಣೆಗಳನ್ನು ಜೋಡಿಸಿಕೊಳ್ಳಲು ಎಡೆಯಿತ್ತರು. ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರಿನವರೊಡನೆಯೂ ಸೆಣಸಬಹುದಾಗಿತ್ತು. ಮರುವರ್ಷ ಪ್ಲೇಸ್ಟೇಷನ್ ೨ಕ್ಕೆ ಬಂದ ‘ರೆವಲ್ಯೂಷನ್’ ಆವೃತ್ತಿಗೆ ಕೋಲುಗಳು ಎರಡು, ಒಂಟಿಯಾಗಿ ಆಡುವವನಿಗೆ ಉಪಚಾರವೂ ಹೆಚ್ಚು. ಜಾಲ ಮಾತ್ರ ಇಲ್ಲ. ಪ್ರತಿ ಕಣ ತೆರೆಯುವ ತನಕ ತೂಕಡಿಸಬೇಕು. ೨೦೧೦ರಲ್ಲಿ ಎಕ್ಸ್‌ಬಾಕ್ಸ್ ೩೬೦ಕ್ಕೂ ಒಂದು ಬಂತು, ಇರಲಿ.

ನನ್ನ ಮನಸ್ಸು ಡ್ರೀಮ್‌ಕಾಸ್ಟಿನವರ ಕಡೆಗೇ. ಹೊಸ ಹಿಡಿಕೆಗೆ ಆಟವನ್ನು ಒಗ್ಗಿಸಿದರು, ಹಳೆಯ ಬಾಗಿಲಿಗೆ ಬೀಗ ಹಾಕಲಿಲ್ಲ.

ಈ ಪಕ್ಷಪಾತಕ್ಕೆ ಕಾರಣವುಂಟು. ಬಿ.ಕಾಂ. ತರಗತಿಗಾಗಿ ರನ್ನನ ‘ಗದಾಯುದ್ಧ’ದ ಒಂದು ಭಾಗವನ್ನು ಗದ್ಯಕ್ಕಿಳಿಸುವ ಹೊಣೆ ಈಗ ನನ್ನದು. ಅದೂ ಕಣದ ಕಾಳಗವೇ ಅಲ್ಲವೆ? ಪದ್ಯವನ್ನು ಪೂರ್ತಿ ಕೈಬಿಡಿ, ಹುಡುಗರಿಗೆ ಅರ್ಥ ತಿಳಿದರೆ ಸಾಕು ಎನ್ನುತ್ತಾರೆ ಸಹೋದ್ಯೋಗಿಗಳು. ಅವರ ಮಾತನ್ನು ತಳ್ಳಿಹಾಕಲಾರೆ. ಹಳಗನ್ನಡವೆಂದೊಡನೆ ಪುಸ್ತಕ ಮುಚ್ಚುವ ಮಕ್ಕಳನ್ನು ದಿನವೂ ಕಾಣುತ್ತೇನೆ. ಆದರೆ ಕಂದಪದ್ಯದ ನಡಿಗೆ ಗದ್ಯದಲ್ಲಿ ಬಾರದು. ಇವರಲ್ಲಿ ಬಹುಮಂದಿ ರನ್ನನನ್ನು ಮತ್ತೆಂದೂ ತೆರೆಯಲಾರರು. ಆದುದರಿಂದ ಎಡಪುಟದಲ್ಲಿ ಪದ್ಯ, ಬಲಪುಟದಲ್ಲಿ ಗದ್ಯ ಇರಿಸಿದ್ದೇನೆ. ಪುಟ ಹೆಚ್ಚಾಯಿತೆಂಬ ಆಕ್ಷೇಪಣೆ ಆಗಲೇ ಬಂದಿದೆ. ಸೋಮವಾರ ಸಭೆ, ಕಡಿಮೆ ಮಾಡಲೇಬೇಕೆಂದರೆ ನನ್ನ ಮುನ್ನುಡಿಯನ್ನು ತೆಗೆಯಿರೆನ್ನುವೆ.